ಸಾರ್ಕೋಲೆಮ್ಮ: ಒಂದು ಹೆಸರು ಪಡೆದ ಮೂರು ಅರ್ಥಗಳು

೧

ಶಾಸ್ತ್ರಗಳ ಇತಿಹಾಸವನ್ನು ಬರೆಯಹೊರಟವನಿಗೆ ಒಂದು ತೊಡಕು ಪದೇ ಪದೇ ಎದುರಾಗುತ್ತದೆ. ವಸ್ತುವಿನ ತಿಳಿವು ಬೆಳೆದಂತೆಲ್ಲ ಅದರ ಹೆಸರೂ ಬದಲಾಗುತ್ತ ಬಂದಿದ್ದರೆ ಅವನ ಕೆಲಸ ಸುಲಭ. ಹೆಸರು ಹಾಗೆಯೇ ನಿಂತು, ಅದರ ಅರ್ಥ ಮಾತ್ರ ಸದ್ದಿಲ್ಲದೆ ಬದಲಾಗಿದ್ದರೆ ಅವನು ಎಡವುವ ಸಂಭವ ಹೆಚ್ಚು. ಶಾಸನಗಳಲ್ಲಿ ಬರುವ ‘ನಾಡು’, ‘ಗಾವುಂಡ’ ಮುಂತಾದ ಪದಗಳನ್ನು ಎಲ್ಲ ಶತಮಾನಗಳಲ್ಲಿಯೂ ಒಂದೇ ಅರ್ಥದಲ್ಲಿ ಓದಲಾಗದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ ಆಗಿದೆ. ಜೀವಶಾಸ್ತ್ರದ ಪದಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆಂಬುದನ್ನು ಒಂದು ಉದಾಹರಣೆಯ ಮೂಲಕ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆ ಉದಾಹರಣೆ ‘ಸಾರ್ಕೋಲೆಮ್ಮ’ ಎಂಬ ಪದ. ಮಾಂಸ, ಸಿಪ್ಪೆ ಎಂಬ ಅರ್ಥಗಳುಳ್ಳ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಮಾಡಿದ ಈ ಹೆಸರನ್ನು ೧೮೪೦ರಲ್ಲಿ ಲಂಡನ್ನಿನ ವಿಲಿಯಂ ಬೌಮನ್ನನು ಸ್ನಾಯುತಂತುವಿನ ಹೊರಹೊದಿಕೆಗೆ ಕೊಟ್ಟನು. ಇಂದಿನ ಪಠ್ಯಗ್ರಂಥಗಳೂ ಅದನ್ನೇ ಬಳಸುತ್ತವೆ. ಆದರೆ ಬೌಮನ್ನನಿಗೆ ಅದು ಒಂದು ಚೀಲ. ೧೯೬೧ರ ಹೊತ್ತಿಗೆ ಅದು ಎರಡು ಬೇರೆ ಬೇರೆ ಪದರಗಳು. ೧೯೮೩ರ ಈಚೆಗೆ ಅದು ಆ ಪದರಗಳನ್ನು ಒಳಗಿನ ಯಂತ್ರಕ್ಕೆ ಬಿಗಿಯುವ ಪ್ರೋಟೀನುಗಳ ಚೌಕಟ್ಟು. ಈ ಮೂರು ಅರ್ಥಗಳನ್ನು ಬೇರ್ಪಡಿಸದೆ ಹೋದಲ್ಲಿ, ಈ ಕ್ಷೇತ್ರದಲ್ಲಿ ಯಾರು ಯಾವಾಗ ಏನನ್ನು ಕಂಡರೆಂಬ ಪ್ರಶ್ನೆಗೆ ತಪ್ಪು ಉತ್ತರ ದೊರೆಯುತ್ತದೆ.

ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ೩,೫೦೦ರಿಂದ ೫,೦೦೦ ಗಂಡುಶಿಶುಗಳಲ್ಲಿ ಒಂದಕ್ಕೆ ಬರುವ ಒಂದು ರೋಗವಿದೆ. ಅದು ಬಂದ ಹುಡುಗನು ಮೂರು ನಾಲ್ಕು ವರ್ಷಗಳಲ್ಲಿ ಎಡವತೊಡಗುತ್ತಾನೆ; ನೆಲದಿಂದ ಏಳುವಾಗ ತನ್ನ ತೊಡೆಗಳನ್ನೇ ಕೈಯಿಂದ ಊರಿಕೊಂಡು ಮೇಲೇರುತ್ತಾನೆ; ಹದಿಹರೆಯಕ್ಕೆ ಬರುವಷ್ಟರಲ್ಲಿ ನಡೆಯಲಾರದವನಾಗುತ್ತಾನೆ. ಫ್ರೆಂಚ್ ವೈದ್ಯ ಡುಶೆನ್ನನ ಹೆಸರನ್ನು ಹೊತ್ತ ಈ ರೋಗವು ಮೇಲ್ಕಂಡ ಹೊದಿಕೆಯ ರೋಗವೆಂದು ಈಗ ತಿಳಿದುಬಂದಿದೆ. ಹಾಗಾದರೆ ಅದು ಮೊದಲು ತಿಳಿದದ್ದು ಯಾವಾಗ? ೧೮೫೧ರಲ್ಲಿಯೆ, ೧೯೮೭ರಲ್ಲಿಯೆ? ಲೇಖನದ ಕೊನೆಯಲ್ಲಿ ಈ ಪ್ರಶ್ನೆಗೆ ಹಿಂದಿರುಗೋಣ.

೨

ಬೌಮನ್ನನು ತನ್ನ ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದಿಟ್ಟಾಗ ಅವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಜೀವಿಗಳೆಲ್ಲ ಕೋಶಗಳಿಂದಾಗಿವೆಯೆಂಬ ಷ್ವಾನ್ನನ ಸಿದ್ಧಾಂತ ಪ್ರಕಟವಾಗಿ ಒಂದು ವರ್ಷವಷ್ಟೇ ಆಗಿತ್ತು. ನಮ್ಮ ಇಚ್ಛೆಗೆ ಒಳಪಟ್ಟು ಚಲಿಸುವ ಸ್ನಾಯುವು ಕೂದಲಿನಂತೆ ಸಣ್ಣನೆಯ, ಅಡ್ಡಗೆರೆಗಳುಳ್ಳ ತಂತುಗಳ ಕಟ್ಟೆಂಬುದು ಆಗಲೇ ತಿಳಿದಿತ್ತು. ಪ್ರತಿಯೊಂದು ತಂತುವಿಗೂ ತನ್ನದೇ ಆದ ಹೊದಿಕೆಯಿದೆಯೆಂದು ಬೌಮನ್ನನು ಸಾಧಿಸಿದ ರೀತಿ ಬಹು ಸರಳವಾದುದು. ತಂತುವನ್ನು ಹಿಡಿದೆಳೆದಾಗ ಒಳಗಿನ ದ್ರವ್ಯವು ಕಡಿದು ಎರಡೂ ಕಡೆಗೆ ಸರಿಯುತ್ತದೆ. ಆದರೆ ಕಡಿದ ಎರಡು ತುದಿಗಳ ನಡುವೆ ಪಾರದರ್ಶಕವಾದ ಒಂದು ಬರಿಯ ನಳಿಕೆ ಕಡಿಯದೆ ಉಳಿದಿರುತ್ತದೆ. ಒಳಗಿನದು ಹರಿದರೂ ತಾನು ಹರಿಯದ ಈ ನಳಿಕೆಯೇ ಅವನ ಸಾರ್ಕೋಲೆಮ್ಮ.

ಆತನು ಕಂಡದ್ದು ಏನೆಂಬುದನ್ನು ಇಲ್ಲಿ ಸರಿಯಾಗಿ ಗ್ರಹಿಸಬೇಕು. ಜೀವಕೋಶದ ನಿಜವಾದ ಪೊರೆಯ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದು ಬೇರೆಯಾಗಿ ಕಾಣಿಸುವಂತಿಲ್ಲ. ಆದಕಾರಣ ಬೌಮನ್ನನ ಕಣ್ಣಿಗೆ ಬಿದ್ದ ನಳಿಕೆಯು ಕೋಶಪೊರೆ, ಅದರ ಹೊರಗಿನ ಆಧಾರಪಟಲ, ಅದಕ್ಕಂಟಿದ ನವುರಾದ ಎಳೆಗಳು ಇವೆಲ್ಲ ಒಟ್ಟಾದ ಹೊದಿಕೆಯೇ ಆಗಿರಬೇಕು. ಹೆಸರು ಒಂದೇ, ಅದರೊಳಗೆ ಸೇರಿದ ವಸ್ತುಗಳು ಹಲವು.

ಇದಾದ ಹನ್ನೊಂದು ವರ್ಷಗಳಿಗೆ, ೧೮೫೧ರ ಡಿಸೆಂಬರಿನಲ್ಲಿ, ಎಡ್ವರ್ಡ್ ಮೆರಿಯನ್ ಎಂಬ ಇಂಗ್ಲಿಷ್ ವೈದ್ಯನು ಲಂಡನ್ನಿನ ರಾಯಲ್ ಮೆಡಿಕಲ್ ಅಂಡ್ ಚಿರರ್ಜಿಕಲ್ ಸೊಸೈಟಿಯಲ್ಲಿ ಒಂದು ಪ್ರಬಂಧವನ್ನೋದಿದನು. ಕೆಲವು ಮನೆತನಗಳಲ್ಲಿ ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರಂತೆ ಸ್ನಾಯುಬಲವನ್ನು ಕಳೆದುಕೊಂಡ ವೃತ್ತಾಂತವದು. ಅಂಥ ವ್ಯಾಧಿಗಳಿಗೆ ನರಮಂಡಲವೇ ಮೂಲವೆಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಮೆರಿಯನ್ನನು ಸತ್ತ ಬಾಲಕನ ಬೆನ್ನುಹುರಿಯನ್ನು ಪರೀಕ್ಷಿಸಿ ಅದರಲ್ಲಿ ದೋಷವನ್ನು ಕಾಣಲಿಲ್ಲ. ಸ್ನಾಯುತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವುಗಳ ಗೆರೆಗಳು ಅಳಿದು, ಒಳದ್ರವ್ಯವು ಚದುರಿ ಕೊಬ್ಬಿನ ಹನಿಗಳಾಗಿದ್ದುದೂ, ಸಾರ್ಕೋಲೆಮ್ಮವು ಮುರಿದು ನಾಶವಾಗಿದ್ದುದೂ ಅವನಿಗೆ ಕಂಡಿತು. ಬೌಮನ್ನನು ಕೊಟ್ಟ ಹೆಸರನ್ನು ಅವನು ರೋಗದ ವರ್ಣನೆಗೆ ಹೀಗೆ ಬಳಸಿದನು.

ಆ ಮಾತು ಬೆಳೆಯಲಿಲ್ಲ. ಪ್ಯಾರಿಸ್ಸಿನಲ್ಲಿ ಡುಶೆನ್ನನು ೧೮೬೧ರಲ್ಲಿ ಇದೇ ರೋಗದ ಮೊದಲ ವರ್ಣನೆಯನ್ನೂ, ೧೮೬೮ರಲ್ಲಿ ೧೩ ರೋಗಿಗಳ ವಿಸ್ತಾರವಾದ ವಿವರಣೆಯನ್ನೂ ಪ್ರಕಟಿಸಿದನು. ಬದುಕಿರುವ ರೋಗಿಯ ಸ್ನಾಯುವಿನಿಂದ ಚೂರನ್ನು ತೆಗೆಯಬಲ್ಲ ಒಂದು ಸೂಜಿಯನ್ನು ತಾನೇ ರೂಪಿಸಿ, ಒಬ್ಬನೇ ರೋಗಿಯಲ್ಲಿ ವ್ಯಾಧಿಯ ಮುನ್ನಡೆಯನ್ನು ಹಂತಹಂತವಾಗಿ ನೋಡುವ ಮಾರ್ಗವನ್ನು ತೆರೆದುದು ಅವನ ಹಿರಿಮೆ. ಆದರೆ ಅವನ ಗಮನವನ್ನು ಸೆಳೆದದ್ದು ಸೊರಗಿದ ಮಗುವಿನ ಮೀನಖಂಡಗಳು ವಿಚಿತ್ರವಾಗಿ ದಪ್ಪಗಾಗುವುದು, ಮತ್ತು ತಂತುಗಳ ನಡುವೆ ಬೆಳೆದು ತುಂಬಿಕೊಳ್ಳುವ ಸಂಯೋಜಕ ಅಂಗಾಂಶ. ೧೮೭೯ರಲ್ಲಿ ಲಂಡನ್ನಿನ ಗೋವರ್ಸನು ಮಗು ನೆಲದಿಂದೇಳುವ ಬಗೆಯನ್ನು ನಿಖರವಾಗಿ ವರ್ಣಿಸಿದನು. ರೋಗವು ತಾಯಿಯ ಕಡೆಯಿಂದ ಬರುವುದನ್ನೂ ಗುರುತಿಸಿದನು. ಹೊದಿಕೆಯ ವಿಚಾರ ಹಿಂದುಳಿಯಿತು.

೩

ಮುಂದಿನ ಸುಮಾರು ಎಂಬತ್ತು ವರ್ಷಗಳಲ್ಲಿ ಸ್ನಾಯುಶಾಸ್ತ್ರದ ಮುಖ್ಯ ಗೆಲವುಗಳೆಲ್ಲ ತಂತುವಿನ ಒಳಗೆ ನಡೆದವು. ೧೮೬೪ರಲ್ಲಿ ಕ್ಯೂನೆಯು ಮಯೋಸಿನ್ನಿಗೆ ಹೆಸರಿಟ್ಟನು. ೧೯೪೨ರಲ್ಲಿ ಹಂಗೆರಿಯ ಸೆಗೆದ್ ನಗರದಲ್ಲಿ, ಸೆಂಟ್-ಗ್ಯೋರ್ಗಿ ಅವರ ಪ್ರಯೋಗಶಾಲೆಯಲ್ಲಿ, ಸ್ಟ್ರೌಬ್ ಅವರು ಆಕ್ಟಿನ್ನನ್ನು ಬೇರ್ಪಡಿಸಿದರು. ೧೯೫೪ರಲ್ಲಿ ಇಬ್ಬರು ಹಕ್ಸ್‌ಲಿಗಳೂ, ಹ್ಯಾನ್ಸನ್ ಹಾಗೂ ನೀಡರ್‌ಗೆರ್ಕೆ ಅವರೂ ಈ ಎರಡು ಬಗೆಯ ಎಳೆಗಳು ಒಂದರ ಮೇಲೊಂದು ಜಾರುವುದರಿಂದ ಸ್ನಾಯು ಸಂಕುಚಿಸುತ್ತದೆಂದು ತೋರಿಸಿದರು. ಹೊದಿಕೆಯನ್ನು ಶರೀರಶಾಸ್ತ್ರಜ್ಞರು ಮರೆತರೆಂದಲ್ಲ. ಅವರಿಗೆ ಅದು ವಿದ್ಯುತ್ತಿನ ಪೊರೆಯಾಯಿತು. ನರದ ಆಜ್ಞೆಯನ್ನು ಹರಡುವುದಷ್ಟೇ ಅದರ ಕೆಲಸವೆಂದು ಬಗೆಯಲಾಯಿತು. ಬಲವನ್ನು ಹುಟ್ಟಿಸುವುದು ಒಳಗಿನ ಎಳೆಗಳು, ಅದನ್ನು ಸಾಗಿಸುವುದು ತುದಿಯ ಸ್ನಾಯುರಜ್ಜು; ನಡುವಿನ ಹೊದಿಕೆಗೆ ಈ ವ್ಯವಹಾರದಲ್ಲಿ ಪಾಲಿರಲಿಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬಳಕೆಗೆ ಬಂದ ಮೇಲೆ ಬೌಮನ್ನನ ಚೀಲವು ಒಡೆದು ಎರಡಾಯಿತು. ಒಳಗಿನದು ಮೇದಸ್ಸಿನ ಅತ್ಯಂತ ತೆಳ್ಳನೆಯ ಕೋಶಪೊರೆ. ಹೊರಗಿನದು ಅದಕ್ಕಿಂತ ದಪ್ಪನಾದ ಆಧಾರಪಟಲ. ೧೯೬೧ರಲ್ಲಿ ಅಲೆಕ್ಸಾಂಡರ್ ಮೌರೊ ಅವರು ಕಪ್ಪೆಯ ಸ್ನಾಯುವಿನಲ್ಲಿ ಈ ಎರಡರ ನಡುವೆ ಹುದುಗಿಕೊಂಡಿದ್ದ ಸಣ್ಣ ಕೋಶಗಳನ್ನು ವರ್ಣಿಸಿದರು. ಗಾಯಗೊಂಡ ಸ್ನಾಯುವನ್ನು ಮತ್ತೆ ಬೆಳೆಸುವ ಉಪಗ್ರಹಕೋಶಗಳೆಂದು ಅವು ಪ್ರಸಿದ್ಧವಾಗಿವೆ. ನಮ್ಮ ಪ್ರಸಂಗಕ್ಕೆ ಮುಖ್ಯವಾದುದು ಅವು ಇರುವ ತಾಣ: ಮಧ್ಯದಲ್ಲಿ ಒಂದು ಕೋಶವೇ ಹಿಡಿಯುವಂತಿದ್ದ ಮೇಲೆ, ಆ ಎರಡು ಪದರಗಳನ್ನು ಒಂದೇ ಸಿಪ್ಪೆಯೆಂದು ತಿಳಿಯಲು ಅವಕಾಶ ಉಳಿಯಲಿಲ್ಲ. ಅಷ್ಟರಲ್ಲಿಯೂ ಸಾರ್ಕೋಲೆಮ್ಮವೆಂಬ ಹೆಸರನ್ನು ಯಾರೂ ಕೈಬಿಡಲಿಲ್ಲ. ಕೆಲವರು ಅದನ್ನು ಎರಡೂ ಪದರಗಳಿಗೆ ಸೇರಿಸಿ ಬಳಸಿದರು, ಕೆಲವರು ಒಳಪದರಕ್ಕೆ ಮಾತ್ರ ಸೀಮಿತಗೊಳಿಸಿದರು.

ಇದೇ ಕಾಲದಲ್ಲಿ ರೋಗದ ಕಡೆಯಿಂದ ಎರಡು ಸುಳಿವುಗಳು ದೊರೆತವು. ೧೯೫೯ರಲ್ಲಿ ಟೋಕಿಯೋದ ಎಬಾಷಿ ಮತ್ತು ಅವರ ಸಹೋದ್ಯೋಗಿಗಳು ಈ ರೋಗಿಗಳ ರಕ್ತದಲ್ಲಿ ಕ್ರಿಯೇಟಿನ್ ಕೈನೇಸ್ ಎಂಬ ಸ್ನಾಯುವಿನ ಕಿಣ್ವವು ವಿಪರೀತವಾಗಿ ಏರಿರುವುದನ್ನು ಕಂಡರು. ಒಳಗಿರಬೇಕಾದುದು ಹೊರಗೆ ಬರಬೇಕಾದರೆ ಗೋಡೆಯಲ್ಲಿ ಬಿರುಕಿರಬೇಕಷ್ಟೆ. ೧೯೭೫ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಮೊಕ್ರಿ ಮತ್ತು ಎಂಗೆಲ್ ಅವರು ಇನ್ನೂ ಸಾಯದೆ ಇದ್ದ ತಂತುಗಳಲ್ಲಿಯೇ ಅಂಥ ಬಿರುಕುಗಳನ್ನು ತೋರಿಸಿದರು. ಕೋಶಪೊರೆಯು ಅಲ್ಲಲ್ಲಿ ಹರಿದಿತ್ತು; ಅದರ ಮೇಲಿನ ಆಧಾರಪಟಲವು ಮಾತ್ರ ಹರಿಯದೆ ಹಾಗೆಯೇ ಹಾದುಹೋಗಿತ್ತು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು.

೪

ಹರಿಯುವುದೇಕೆಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಪೊರೆಗೂ ಒಂದು ಅಸ್ಥಿಪಂಜರವಿರಬಲ್ಲದೆಂಬ ಭಾವನೆ ಮೊದಲು ಹುಟ್ಟಬೇಕಾಗಿತ್ತು. ಅದು ಹುಟ್ಟಿದ್ದು ಸ್ನಾಯುವಿನಲ್ಲಲ್ಲ, ರಕ್ತದಲ್ಲಿ. ೧೯೬೮ರಲ್ಲಿ ಮಾರ್ಕೇಸಿ ಮತ್ತು ಸ್ಟೀರ್ಸ್ ಅವರು ಕೆಂಪು ರಕ್ತಕಣಗಳ ಪೊರೆಯಿಂದ ಸ್ಪೆಕ್ಟ್ರಿನ್ ಎಂಬ ಉದ್ದನೆಯ ಪ್ರೋಟೀನನ್ನು ಬಿಡಿಸಿದರು. ಒಳಗಿನ ದ್ರವ್ಯವನ್ನೆಲ್ಲ ಕಳೆದುಕೊಂಡ ರಕ್ತಕಣಗಳನ್ನು ‘ಭೂತ’ಗಳೆಂದು ಕರೆಯುವ ವಾಡಿಕೆಯಿದ್ದುದರಿಂದ ಆ ಪ್ರೋಟೀನಿಗೂ ಅದೇ ಅರ್ಥದ ಹೆಸರು ಬಂದಿತು. ಸಪುರವಾದ ರಕ್ತನಾಳಗಳಲ್ಲಿ ನುಸುಳಿ ನಜ್ಜುಗುಜ್ಜಾದರೂ ಕಣವು ಮತ್ತೆ ತನ್ನ ಆಕಾರಕ್ಕೆ ಮರಳುವುದು ಪೊರೆಯ ಒಳಮೈಗೆ ಬಲೆಯಂತೆ ಅಂಟಿಕೊಂಡ ಈ ಪ್ರೋಟೀನಿನಿಂದ.

ಇತ್ತ ಸ್ನಾಯುವಿನ ಹೊದಿಕೆಗೆ ಬಲವಿದೆಯೆಂಬ ಮಾತನ್ನು ಬಹುಕಾಲದಿಂದ ಹಿಡಿದುಕೊಂಡಿದ್ದವರು ಇಬ್ಬರು. ರ್‍ಯಾಮ್ಸೆ ಮತ್ತು ಸಿಬಿಲ್ ಸ್ಟ್ರೀಟ್ ಅವರು ೧೯೪೦ರಲ್ಲಿಯೇ ಕಪ್ಪೆಯ ಒಂಟಿ ತಂತುವಿನ ಉದ್ದಕ್ಕೂ ಬಿಗಿತಕ್ಕೂ ಇರುವ ಸಂಬಂಧವನ್ನು ಅಳೆದಿದ್ದರು. ೧೯೬೫ರಲ್ಲಿ ಅವರು, ಒಳದ್ರವ್ಯವು ಕಡಿದು ಹಿಂದೆ ಸರಿದು ಬರಿದಾಗಿ ಉಳಿದ ಸಾರ್ಕೋಲೆಮ್ಮದ ಮೂಲಕವೂ ಸಂಕೋಚನದ ಬಲವು ಸಾಗುತ್ತದೆಂದು ತೋರಿಸಿದರು. ಬೌಮನ್ನನು ಹೊದಿಕೆಯ ಅಸ್ತಿತ್ವವನ್ನು ಸಾಧಿಸಲು ತೋರಿಸಿದ್ದು ಇಂಥ ಬರಿಯ ನಳಿಕೆಯನ್ನೇ. ೧೨೫ ವರ್ಷಗಳ ತರುವಾಯ ಅದೇ ನಳಿಕೆಯು ಹೊದಿಕೆಯ ಕಾರ್ಯವನ್ನು ಸಾಧಿಸಲು ಸಾಧನವಾಯಿತು.

ಆಮೇಲೆ ಬಂದುದು ೧೯೮೩. ಆ ಒಂದೇ ವರ್ಷದಲ್ಲಿ ಎರಡು ಪ್ರಬಂಧಗಳು ಬೇರೆ ಬೇರೆ ಕಡೆಗಳಿಂದ ಪ್ರಕಟವಾದವು. ಮೊದಲನೆಯದು ಸ್ಟ್ರೀಟ್ ಅವರದು. ತಂತುವಿನ ಬಲವು ತುದಿಯಿಂದ ಮಾತ್ರವಲ್ಲದೆ ಪಕ್ಕದಿಂದಲೂ ನೆರೆಯ ತಂತುಗಳಿಗೆ ವರ್ಗವಾಗುತ್ತದೆಂದು ಅವರು ಪ್ರಯೋಗದಿಂದ ಸ್ಥಾಪಿಸಿದರು. ತೇರನ್ನೆಳೆಯುವ ಜನ ಹಗ್ಗದ ಕೊನೆಯನ್ನಷ್ಟೇ ಹಿಡಿಯುವುದಿಲ್ಲ. ಅದರ ಉದ್ದಕ್ಕೂ ಸಾಲಾಗಿ ನಿಂತು ಎಳೆಯುತ್ತಾರೆ. ಸ್ನಾಯುತಂತುವೂ ತನ್ನ ಉದ್ದಕ್ಕೂ ತನ್ನ ಹೊದಿಕೆಯನ್ನು ಹಿಡಿದೆಳೆಯುತ್ತದೆ. ಹಾಗೆ ಹಿಡಿಯಲು ಕೈಗಳು ಎಲ್ಲಿವೆ?

ಉತ್ತರವಿದ್ದುದು ಎರಡನೆಯ ಪ್ರಬಂಧದಲ್ಲಿ. ಪಾರ್ಡೊ, ಸಿಲಿಚಿಯಾನೊ ಮತ್ತು ಸೂಸನ್ ಕ್ರೇಗ್ ಅವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿಂಕ್ಯುಲಿನ್ ಎಂಬ ಪ್ರೋಟೀನನ್ನು ಹೊಳೆಯುವ ಪ್ರತಿಕಾಯಗಳಿಂದ ಗುರುತಿಸಿ ನೋಡಿದರು. ‘ಕಟ್ಟು’ ಎಂಬರ್ಥದ ಲ್ಯಾಟಿನ್ ಪದದಿಂದ ಹೆಸರು ಪಡೆದ ಈ ಪ್ರೋಟೀನು, ಕೋಶಗಳು ತಮ್ಮ ನೆಲೆಗೆ ಅಂಟಿಕೊಳ್ಳುವ ಸ್ಥಳಗಳಲ್ಲಿರುವುದು ಆಗಲೇ ತಿಳಿದಿತ್ತು. ಸ್ನಾಯುತಂತುವಿನ ಪೊರೆಯ ಕೆಳಗೆ ಅದು ಎಲ್ಲ ಕಡೆಗೂ ಹರಡಿರಲಿಲ್ಲ. ಅಡ್ಡಡ್ಡಲಾಗಿ ಪಟ್ಟಿಪಟ್ಟಿಯಾಗಿ ನಿಂತಿತ್ತು. ಒಳಗಿನ ಎಳೆಗಳ ಕಟ್ಟುಗಳು ಒಂದಕ್ಕೊಂದು ಕೂಡುವ ಗೆರೆ ಎಲ್ಲಿದೆಯೋ, ಸರಿಯಾಗಿ ಅದರ ಮೇಲ್ಗಡೆಯಲ್ಲಿಯೇ ಆ ಪಟ್ಟಿಯಿತ್ತು. ಎದೆಗೂಡಿನ ಎಲುಬುಗಳನ್ನು ಹೋಲುವ ಈ ಪಟ್ಟಿಗಳಿಗೆ ಅವರು, ಪಕ್ಕೆಲುಬು ಎಂಬರ್ಥದ ಲ್ಯಾಟಿನ್ ಪದವನ್ನು ಸೇರಿಸಿ, ‘ಕಾಸ್ಟಮಿಯರ್’ ಎಂದು ಹೆಸರಿಟ್ಟರು. ಬೌಮನ್ನನ ಸಿಪ್ಪೆಗೆ ಪಕ್ಕೆಲುಬುಗಳಿವೆಯೆಂದು ಹೀಗೆ ತಿಳಿಯಿತು. ನಮ್ಮ ಹೆಸರಿನ ಮೂರನೆಯ ಅರ್ಥ ಇಲ್ಲಿ ಪ್ರಾರಂಭವಾಗುತ್ತದೆ.

೫

ರೋಗದ ಇತಿಹಾಸವೂ ಪೊರೆಯ ಇತಿಹಾಸವೂ ಒಂದುಗೂಡಿದ್ದು ೧೯೮೭ರಲ್ಲಿ. ಬಾಸ್ಟನ್ನಿನ ಕುಂಕೆಲ್ ಅವರ ತಂಡವು ಪ್ರೋಟೀನು ಯಾವುದೆಂದು ತಿಳಿಯದೆಯೇ ಮೊದಲು ವಂಶವಾಹಿಯನ್ನು ಹುಡುಕಿತು. ೧೯೮೬ರಲ್ಲಿ ಅದರ ಒಂದು ಭಾಗ ಕೈಗೆ ಸಿಕ್ಕಿತು. ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಘಟಕಗಳುಳ್ಳ ಆ ವಂಶವಾಹಿಯು ಮಾನವನಲ್ಲಿರುವ ಅತಿ ದೊಡ್ಡವುಗಳಲ್ಲಿ ಒಂದು. ೧೯೮೭ರ ಡಿಸೆಂಬರಿನಲ್ಲಿ ಹಾಫ್‌ಮನ್, ಬ್ರೌನ್ ಮತ್ತು ಕುಂಕೆಲ್ ಅವರು ಅದರಿಂದಾಗುವ ಪ್ರೋಟೀನನ್ನು ಗುರುತಿಸಿ ‘ಡಿಸ್ಟ್ರೋಫಿನ್’ ಎಂದು ಕರೆದರು. ಸ್ನಾಯುವಿನ ಒಟ್ಟು ಪ್ರೋಟೀನಿನಲ್ಲಿ ಅದರ ಪಾಲು ಶೇಕಡ ೦.೦೦೨ ಮಾತ್ರ, ಡುಶೆನ್ ರೋಗಿಗಳ ಸ್ನಾಯುವಿನಲ್ಲಿ ಅದು ಹೆಚ್ಚುಕಡಮೆ ಇಲ್ಲವೇ ಇಲ್ಲ.

ಅದು ಇರುವ ಸ್ಥಳದ ಬಗ್ಗೆ ಮೊದಲು ಒಂದು ತಪ್ಪು ನಡೆಯಿತು. ಸ್ನಾಯುವನ್ನು ಅರೆದು ಭಾಗಗಳಾಗಿ ಬೇರ್ಪಡಿಸಿ ನೋಡಿದ ಆರಂಭದ ವರದಿಗಳು ಅದನ್ನು ತಂತುವಿನ ಆಳದಲ್ಲಿರುವ ಕೊಳವೆಗಳ ಕೂಡುತಾಣಗಳಲ್ಲಿ ಇಟ್ಟವು. ಮರುವರ್ಷ, ೧೯೮೮ರಲ್ಲಿ, ಅಖಂಡವಾದ ಸ್ನಾಯುವಿನ ತೆಳುಚೂರುಗಳಿಗೆ ಪ್ರತಿಕಾಯ ಹಚ್ಚಿ ನೋಡಿದ ಹಲವು ತಂಡಗಳು ಅದನ್ನು ಅಂಚಿನಲ್ಲಿ, ಪೊರೆಯ ಒಳಮೈಯಲ್ಲಿ ಕಂಡವು. ಆರೋಗ್ಯವಂತನ ಸ್ನಾಯುವಿನಲ್ಲಿ ಪ್ರತಿ ತಂತುವಿನ ಸುತ್ತಲೂ ಹೊಳೆಯುವ ಉಂಗುರ. ರೋಗಿಯ ಸ್ನಾಯುವಿನಲ್ಲಿ ಉಂಗುರವಿಲ್ಲದ ಕತ್ತಲೆ. ಅದೇ ವರ್ಷ ಡಿಸ್ಟ್ರೋಫಿನ್ನಿನ ೩,೬೮೫ ಅಮೈನೋ ಆಮ್ಲಗಳ ಪೂರ್ಣ ಕ್ರಮವೂ ತಿಳಿಯಿತು. ಅದು ಒಂದು ಉದ್ದನೆಯ ಸಲಾಕೆ. ಅದರ ನಡುಭಾಗದಲ್ಲಿ ರಕ್ತಕಣದ ಸ್ಪೆಕ್ಟ್ರಿನ್ನನ್ನು ಹೋಲುವ ೨೪ ಮಡಿಕೆಗಳು. ರಕ್ತದಲ್ಲಿ ಹುಟ್ಟಿದ ಭಾವನೆ ಸ್ನಾಯುವಿನಲ್ಲಿ ಫಲ ಕೊಟ್ಟಿತು.

ಸಲಾಕೆಯ ಒಂದು ತುದಿಯು ಒಳಗಿನ ಆಕ್ಟಿನ್ನನ್ನು ಹಿಡಿಯುತ್ತದೆ. ಇನ್ನೊಂದು ತುದಿಯು ಹಿಡಿಯುವುದು ಏನನ್ನು? ಅಯೋವಾದ ಕ್ಯಾಂಬೆಲ್ ಅವರ ತಂಡವೂ, ಟೋಕಿಯೋದ ಯೋಷಿದಾ ಮತ್ತು ಓಝಾವಾ ಅವರೂ ೧೯೮೯-೯೦ರಲ್ಲಿ, ಪೊರೆಯಲ್ಲಿ ಹೂತಿರುವ, ಸಕ್ಕರೆಯ ಸರಪಣಿಗಳನ್ನು ಹೊತ್ತ ಪ್ರೋಟೀನುಗಳ ಒಂದು ಕೂಟವನ್ನು ಕಂಡುಹಿಡಿದರು. ೧೯೯೨ರಲ್ಲಿ ಅದರ ಮುಖ್ಯ ಸದಸ್ಯನಾದ ಡಿಸ್ಟ್ರೋಗ್ಲೈಕನ್ನಿನ ರಚನೆ ಬಯಲಾಯಿತು. ಅದರ ಒಂದು ಭಾಗ ಪೊರೆಯನ್ನು ಹಾಯ್ದು ಒಳಗೆ ಡಿಸ್ಟ್ರೋಫಿನ್ನನ್ನು ಹಿಡಿದಿದೆ. ಇನ್ನೊಂದು ಭಾಗ ಹೊರಗೆ ಆಧಾರಪಟಲದ ಲ್ಯಾಮಿನಿನ್ನನ್ನು ಹಿಡಿದಿದೆ. ಆಕ್ಟಿನ್, ಡಿಸ್ಟ್ರೋಫಿನ್, ಡಿಸ್ಟ್ರೋಗ್ಲೈಕನ್, ಲ್ಯಾಮಿನಿನ್: ಒಳಗಿನ ಯಂತ್ರದಿಂದ ಹೊರಗಿನ ಪಟಲದವರೆಗೆ ಕಡಿಯದ ಒಂದು ಸರಪಣಿ. ಇದರ ಬೇರೆ ಬೇರೆ ಕೊಂಡಿಗಳು ಕೆಟ್ಟಾಗ ಬೇರೆ ಬೇರೆ ಸ್ನಾಯುಕ್ಷಯಗಳು ಬರುತ್ತವೆಂದು ಮುಂದಿನ ವರ್ಷಗಳಲ್ಲಿ ಸಿದ್ಧವಾಯಿತು. ಡಿಸ್ಟ್ರೋಫಿನ್ನು ೧೯೮೩ರ ಕಾಸ್ಟಮಿಯರುಗಳಲ್ಲಿಯೇ ಸಾಲುಗೂಡಿದೆಯೆಂಬುದೂ ೧೯೯೨ರಲ್ಲಿ ಪ್ರಕಟವಾಯಿತು.

ಈ ಸರಪಣಿಯ ಕಾರ್ಯವನ್ನು ಎರಡು ಪ್ರಯೋಗಗಳು ಸ್ಪಷ್ಟಪಡಿಸಿದವು. ೧೯೯೩ರಲ್ಲಿ ಪೆಟ್ರೋಫ್ ಮತ್ತು ಸಂಗಡಿಗರು ಡಿಸ್ಟ್ರೋಫಿನ್ ಇಲ್ಲದ ಇಲಿಗಳ ಸ್ನಾಯುವನ್ನು ಸಂಕುಚಿಸುತ್ತಿರುವಾಗಲೇ ಹಿಗ್ಗಿಸಿದರು. ಒಳಗೆ ಹೋಗಬಾರದ ಬಣ್ಣವು ಹರಿದ ಪೊರೆಯ ಮೂಲಕ ತಂತುಗಳನ್ನು ಹೊಕ್ಕಿತು. ೨೦೦೦ದಲ್ಲಿ ರಿಬಕೋವಾ, ಪಟೇಲ್ ಮತ್ತು ಎರ್ವಾಸ್ತಿ ಅವರು ತಂತುವಿನ ಪೊರೆಯನ್ನು ನಿಜಕ್ಕೂ ಸಿಪ್ಪೆಯಂತೆ ಸುಲಿದು ನೋಡಿದರು. ಆರೋಗ್ಯದ ಇಲಿಯಲ್ಲಿ ಸುಲಿದ ಪೊರೆಗೆ ಆಕ್ಟಿನ್ನಿನ ಪಕ್ಕೆಲುಬುಗಳು ಅಂಟಿಕೊಂಡೇ ಬಂದವು. ಡಿಸ್ಟ್ರೋಫಿನ್ ಇಲ್ಲದ ಇಲಿಯಲ್ಲಿ ಪೊರೆ ಬರಿದಾಗಿ ಬಂದಿತು.

ಯಾಂತ್ರಿಕ ವಿವರಣೆಯೊಂದೇ ಸಾಲದೆಂಬುದನ್ನೂ ಇಲ್ಲಿ ಹೇಳಬೇಕು. ರಕ್ತನಾಳಗಳನ್ನು ಹಿಗ್ಗಿಸುವ ಸಂಕೇತವನ್ನು ತಯಾರಿಸುವ ಒಂದು ಕಿಣ್ವವೂ ಇದೇ ಕೂಟಕ್ಕೆ ಕಟ್ಟಿಕೊಂಡಿದ್ದು, ಡಿಸ್ಟ್ರೋಫಿನ್ ಇಲ್ಲವಾದಾಗ ಪೊರೆಯಿಂದ ಕಳಚಿಹೋಗುತ್ತದೆಂದು ೧೯೯೫ರಲ್ಲಿ ತಿಳಿದುಬಂದಿತು. ಚೌಕಟ್ಟು ಬಲವನ್ನಷ್ಟೇ ಅಲ್ಲ, ಸಂದೇಶವನ್ನೂ ಹೊರುತ್ತದೆ.

ಈ ತಿಳಿವಿನಿಂದ ರೋಗಿಗಳಿಗಾದ ಪ್ರಯೋಜನ ಇನ್ನೂ ಅಪೂರ್ಣ. ಪ್ರತಿಕಾಯ ಹಚ್ಚಿ ಉಂಗುರವನ್ನು ಹುಡುಕುವ ಪರೀಕ್ಷೆಯು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಸೇರಿದಂತೆ ಅನೇಕ ಕಡೆಗಳಲ್ಲಿ ರೋಗನಿರ್ಣಯಕ್ಕೆ ನೆರವಾಗಿದೆ. ೧೯೯೦ರಲ್ಲಿ, ಡಿಸ್ಟ್ರೋಫಿನ್ನಿನ ಶೇಕಡ ೪೬ರಷ್ಟು ಭಾಗವೇ ಇಲ್ಲದಿದ್ದರೂ ೬೧ನೆಯ ವಯಸ್ಸಿನಲ್ಲಿ ನಡೆದಾಡುತ್ತಿದ್ದ ಒಬ್ಬ ವ್ಯಕ್ತಿಯ ವೃತ್ತಾಂತ ಪ್ರಕಟವಾಯಿತು. ಎರಡು ತುದಿಗಳ ಹಿಡಿತ ಉಳಿದರೆ ನಡುವಿನ ಸಲಾಕೆ ಗಿಡ್ಡವಾದರೂ ಕೆಲಸ ನಡೆಯುತ್ತದೆಂಬ ಪಾಠ ಅದರಿಂದ ದೊರೆಯಿತು. ಅದೇ ಆಧಾರದ ಮೇಲೆ ರೂಪಿಸಿದ ಒಂದು ವಂಶವಾಹಿ ಚಿಕಿತ್ಸೆಗೆ ೨೦೨೩ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತಾದರೂ, ೨೦೨೫ರಲ್ಲಿ ಚಿಕಿತ್ಸೆ ಪಡೆದವರಲ್ಲಿ ಯಕೃತ್ತಿನ ವೈಫಲ್ಯದಿಂದ ಸಾವುಗಳು ಸಂಭವಿಸಿದುದರಿಂದ ಅದರ ಬಗ್ಗೆ ತೀವ್ರವಾದ ಪ್ರಶ್ನೆಗಳೆದ್ದವು.

೬

ಈಗ ಮೊದಲಿನ ಪ್ರಶ್ನೆ. ೧೯೯೫ರಲ್ಲಿ ಅಲನ್ ಎಮೆರಿ ಮತ್ತು ಮಾರ್ಸಿಯಾ ಎಮೆರಿ ಅವರು ಈ ರೋಗದ ಇತಿಹಾಸವನ್ನು ಬರೆದು, ಮೆರಿಯನ್ನನಿಗೆ ಸಲ್ಲಬೇಕಾದ ಮನ್ನಣೆಯನ್ನು ಮತ್ತೆ ಮುಂದಕ್ಕೆ ತಂದರು. ಅದು ನ್ಯಾಯವಾದುದೇ. ರೋಗವು ನರದ್ದಲ್ಲ, ಸ್ನಾಯುವಿನದು, ಮನೆತನದಲ್ಲಿ ಇಳಿದುಬರುವಂಥದು ಎಂಬುದನ್ನು ಡುಶೆನ್ನನಿಗಿಂತ ಮೊದಲು ಸಾರಿದವನು ಅವನು. ಆದರೆ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾರ್ಕೋಲೆಮ್ಮವು ಮುರಿದಿತ್ತೆಂಬ ಅವನ ಮಾತಿನಲ್ಲಿ ೧೯೮೭ರ ಸಂಶೋಧನೆಯ ಮುನ್ಸೂಚನೆಯನ್ನೇ ಕಾಣಬಯಸುವುದುಂಟು. ಇದನ್ನು ಒಪ್ಪುವುದು ಕಷ್ಟ. ಮೆರಿಯನ್ನನು ಕಂಡದ್ದು ಸತ್ತ ಬಾಲಕನ ದೇಹದಲ್ಲಿ, ರೋಗದ ಕೊನೆಯ ಹಂತದಲ್ಲಿ, ಎಲ್ಲ ಪದರಗಳೂ ಒಟ್ಟಾಗಿ ಹಾಳಾದ ಬೌಮನ್ನನ ಚೀಲವನ್ನು. ಮೊಕ್ರಿ ಮತ್ತು ಎಂಗೆಲ್ ಅವರು ೧೯೭೫ರಲ್ಲಿ ಕಂಡದ್ದು, ಹೊರಪದರ ನೆಟ್ಟಗಿದ್ದಾಗಲೇ ಅದರಡಿಯಲ್ಲಿ ಹರಿದ ಒಳಪೊರೆಯನ್ನು. ಮೊದಲನೆಯದು ರೋಗದ ಪರಿಣಾಮ, ಎರಡನೆಯದು ಅದರ ಆರಂಭಕ್ಕೆ ಹತ್ತಿರವಾದ ಸಂಗತಿ. ಎರಡಕ್ಕೂ ಹೆಸರು ಸಾರ್ಕೋಲೆಮ್ಮವೇ ಆದುದರಿಂದ ಅವು ಒಂದೇ ಎಂಬ ಭ್ರಮೆ ಹುಟ್ಟುತ್ತದೆ.

ಹಾಗೆಂದು ಬೌಮನ್ನನ ಪದವು ಕೇವಲ ಅಜ್ಞಾನದ ಗುರುತೆಂದು ತಳ್ಳಿಹಾಕುವಂತೆಯೂ ಇಲ್ಲ. ಅವನು ಒಂದೆಂದು ಕಂಡದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಎರಡು ಮಾಡಿತು. ಆ ಎರಡನ್ನು ಡಿಸ್ಟ್ರೋಗ್ಲೈಕನ್ನು ಮತ್ತೆ ಕಟ್ಟಿತು. ಒಳಪೊರೆಯೂ ಹೊರಪಟಲವೂ ಸೇರಿ ಒಂದೇ ಅಂಗವಾಗಿ ಎಳೆತವನ್ನು ತಡೆದುಕೊಳ್ಳುತ್ತವೆಂಬುದು ಇಂದಿನ ನಿರ್ಣಯ. ಈ ಐಕ್ಯವು ಬೌಮನ್ನನಿಗೆ ತಿಳಿದಿದ್ದ ಐಕ್ಯವಲ್ಲ; ಆದರೂ ಅವನ ಹೆಸರು ಅದಕ್ಕೆ ಹೊಂದಿಕೊಳ್ಳುತ್ತದೆ. ಬಹುಶಃ ಪದವು ಇಷ್ಟು ಕಾಲ ಬಾಳಿ ಬಂದುದಕ್ಕೂ ಇದೇ ಕಾರಣವಿರಬಹುದು.

ಒಟ್ಟಿನಲ್ಲಿ, ಹಳೆಯ ಬರೆಹದಲ್ಲಿ ಇಂದಿನ ಪದವನ್ನು ಕಂಡೊಡನೆ ಇಂದಿನ ಅರ್ಥವನ್ನು ಅದಕ್ಕೆ ತೊಡಿಸದಿರುವುದು ಶಾಸನವನ್ನೋದುವವನಿಗೆ ಎಷ್ಟು ಅವಶ್ಯವೋ ವೈದ್ಯಪ್ರಬಂಧವನ್ನೋದುವವನಿಗೂ ಅಷ್ಟೇ ಅವಶ್ಯ. ಮೆರಿಯನ್ನನಿಗೆ ಅವನು ಕಾಣದಿದ್ದುದರ ಕೀರ್ತಿಯನ್ನು ಕೊಡಬೇಕಾಗಿಲ್ಲ. ಆ ಮನೆತನಗಳ ಹುಡುಗರು ಒಬ್ಬರ ಹಿಂದೊಬ್ಬರು ಕುಸಿಯುತ್ತಿದ್ದಾಗ, ಎಲ್ಲರೂ ಬೆನ್ನುಹುರಿಯ ಕಡೆಗೆ ನೋಡುತ್ತಿದ್ದ ಕಾಲದಲ್ಲಿ, ಅವನು ಸ್ನಾಯುವಿನ ಎಳೆಯನ್ನು ಬಿಡಿಸಿ ನೋಡಿದನು. ಕಂಡದ್ದನ್ನು ಕಂಡಂತೆ ಬರೆದಿಟ್ಟನು. ಅವನ ಕೀರ್ತಿಗೆ ಅಷ್ಟು ಸಾಕು.